ನನಗಿಂತ ಮುಂಚೆ ಓದಿದವರು

ನನ್ನ ಹೊಟ್ಟೆಕಿಚ್ಚು ಶುರುವಾಗಿದ್ದು ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ. ನನ್ನ ತವರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಕಡೆ. ಅಕ್ಕ ನನಗಿಂತ ಎರಡು ಕ್ಲಾಸು ಮುಂದೆ, ಅವಳು ಓದಿ ಬಿಟ್ಟ ಪುಸ್ತಕವೇ ನನಗೆ. ಬಟ್ಟೆಯೂ ಅವಳದ್ದೇ ಬರುತ್ತಿತ್ತು. ಅದಕ್ಕೆ ನನಗೆ ಬೇಜಾರಿರಲಿಲ್ಲ. ಅಮ್ಮ ಲಂಗವನ್ನು ಒಗೆದು, ಅಂಚು ಮಡಚಿ ಹೊಲಿದು ಕೊಟ್ಟರೆ ಅದು ನನ್ನದೇ ಆಗಿಬಿಡುತ್ತಿತ್ತು. ಪುಸ್ತಕವನ್ನು ಒಗೆಯುವುದಕ್ಕಾಗುತ್ತದೆಯೇ? ಒಗಟಿನ ಕೆಳಗೆ ಉತ್ತರವನ್ನು ಪೆನ್ಸಿಲಿನಲ್ಲಿ ಬರೆದಿರುತ್ತಿದ್ದಳು. ಪಾಠದ ಮುಖ್ಯ ಸಾಲು ಯಾವುದು ಅಂತ ಅವಳೇ ಗೆರೆ ಎಳೆದು ತೀರ್ಮಾನಿಸಿರುತ್ತಿದ್ದಳು. ನರಿಯ ಕಥೆಯೊಂದರ ಮೊದಲ ಪುಟದಲ್ಲೇ ‘ಕೊನೆಗೆ ನರಿ ಸೋಲುತ್ತೆ’ ಅಂತ ಬರೆದಿಟ್ಟಿದ್ದಳು, ಮೂದೇವಿ. ಹೊಸ ಪುಸ್ತಕ ಬೇಕು ಅಂತ ಅತ್ತರೆ ಅಪ್ಪನದು ಒಂದೇ ಮಾತು.

‘ಹೊಸದ್ಯಾಕಮ್ಮ? ಅವಳು ಓದಿದ್ದಕ್ಕೆ ಅಕ್ಷರ ಏನಾರ ಸವ್ದೋಗೈತಾ?’

ಸವೆದಿರುತ್ತಿತ್ತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದು ಅಂತ ನನಗೆ ಆಗ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಜೊತೆ ಕನ್ನಡ, ಅಜ್ಜಿಯ ಜೊತೆ ತೆಲುಗು. ಎರಡರ ನಡುವೆ ಬೆಳೆದವರಿಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಕನ್ನಡದಲ್ಲಿ ‘ನಾವು’ ಒಂದೇ. ಎದುರಿಗೆ ನಿಂತವರು ಅದರಲ್ಲಿ ಸೇರಿದ್ದಾರೋ ಇಲ್ಲವೋ ಅನ್ನುವುದನ್ನು ಆ ಮಾತು ಬಾಯಿಬಿಟ್ಟು ಹೇಳುವುದಿಲ್ಲ. ತೆಲುಗಿನಲ್ಲಿ ಎರಡಿವೆ. ‘ಮೇಮು’ ಅಂದರೆ ನಾವು, ನೀನಲ್ಲ. ‘ಮನಮು’ ಅಂದರೆ ನಾವು, ನೀನೂ ಸೇರಿ. ಅಕ್ಕ ಗೆಳತಿಯರ ಜೊತೆ ಕೆರೆ ಕಡೆ ಹೊರಡುವಾಗ ನಾನೂ ಚಪ್ಪಲಿ ಮೆಟ್ಟಿಕೊಂಡು ಬಂದರೆ, ಬೇಕೆಂದೇ ತೆಲುಗಿಗೆ ಹೊರಳಿ, ‘ಮೇಮು ಪೋತಾಮು’ ಅನ್ನುತ್ತಿದ್ದಳು. ನಾವು ಹೋಗ್ತೀವಿ. ಕನ್ನಡದಲ್ಲಿ ಹೇಳಿದ್ದರೆ ಸ್ವಲ್ಪ ಆಸೆಯಾದರೂ ಉಳಿಯುತ್ತಿತ್ತು.

ಅಕ್ಕ ಈಗ ಶ್ರೀನಿವಾಸಪುರದಲ್ಲಿ ಮಾವಿನ ತೋಟದವರ ಮನೆ ಸೊಸೆ. ನನ್ನನ್ನು ಮಾಲೂರಿಗೆ ಕೊಟ್ಟರು. ಕೆಲಸ ಕೋಲಾರದಲ್ಲಿ, ಒಂದು ಟ್ರಸ್ಟಿನವರು ನಡೆಸುವ ಸಣ್ಣ ಗ್ರಂಥಾಲಯದಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಇದಕ್ಕಿಂತ ಹತ್ತಿರದ ಕೆಲಸ ಮಾಲೂರಿನಲ್ಲೇ ಸಿಕ್ಕಿತ್ತು, ಫ್ಯಾಕ್ಟರಿಯೊಂದರ ಆಫೀಸಿನಲ್ಲಿ. ಬಿಟ್ಟು ಇಲ್ಲಿಗೆ ಬಂದೆ. ಯಾಕೆಂದರೆ ನನ್ನ ಟೇಬಲ್ಲು ಒಳಗಿನ ಕೋಣೆಯಲ್ಲಿದೆ, ಹೊಸ ಪುಸ್ತಕಗಳ ಕಟ್ಟು ಬಂದರೆ ಬಿಚ್ಚುವವಳು ನಾನು. ಯಾರ ಗೆರೆಯೂ ಬೀಳದ ಪುಟ, ಅಂಟಿನ ವಾಸನೆ ಇನ್ನೂ ಆರಿರದ ಪುಸ್ತಕ, ಅದನ್ನು ಮೊದಲು ಮುಟ್ಟುವ ಕೈ ನನ್ನದು. ಹೊರಗಿನ ಕೌಂಟರಿನಲ್ಲಿ ಕೂತು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಸಹೋದ್ಯೋಗಿಗೆ ಇದು ಅರ್ಥವಾಗುವುದಿಲ್ಲ. ‘ಒಳಗೆ ಧೂಳು ಜಾಸ್ತಿ ಅಲ್ವಾ ಮೇಡಂ’ ಅಂತ ಕನಿಕರ ತೋರಿಸುತ್ತಾರೆ.

ಬಂದ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವುದು, ಬೇಕಾದಾಗ ಹುಡುಕಿ ಕೊಡುವುದು ನನ್ನ ಕೆಲಸ. ಹುಡುಕುವುದು ಅಂದರೆ ಹೆಸರು ಒತ್ತಿದರೆ ಬಂತು ಅಂದುಕೊಂಡಿರುತ್ತಾರೆ. ಬರುವುದಿಲ್ಲ. ಮೊದಮೊದಲು ಹಳೇ ಪುಸ್ತಕಗಳನ್ನೆಲ್ಲ ಏರಿಸಿದವರು ನಮ್ಮ ಕಡೆಯವರೇ. ಒಬ್ಬರು ಹೆಸರು ಓದಿ ಹೇಳಿದ್ದಾರೆ, ಇನ್ನೊಬ್ಬರು ಕಿವಿಗೆ ಬಿದ್ದಂತೆ ಟೈಪ್ ಮಾಡಿದ್ದಾರೆ. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಲ್ಲ, ಹೂವು ‘ಊವು’ ಆಗಿದೆ, ಹಳ್ಳಿ ‘ಅಳ್ಳಿ’ಯಾಗಿದೆ. ಮಧ್ಯೆ ಯಾರೋ ಬೈದಿರಬೇಕು, ಅಲ್ಲಿಂದ ಮುಂದೆ ಭಯಕ್ಕೆ ಇಲ್ಲದ ಕಡೆಗೂ ಹಕಾರ ಅಂಟಿಸಿದ್ದಾರೆ, ಆನೆ ‘ಹಾನೆ’ಯಾಗಿದೆ. ಹಾಗಾಗಿ ನಾನು ತಲೆ ಹುಡುಕುವುದಿಲ್ಲ, ಬಾಲ ಹಿಡಿಯುತ್ತೇನೆ. ‘ಳ್ಳಿ’ ಅಂತ ಒತ್ತಿದರೆ ಹಳ್ಳಿ, ಅಳ್ಳಿ ಎರಡೂ ಸಿಗುತ್ತವೆ. ಜೊತೆಗೆ ಬಳ್ಳಿ, ಕೊಳ್ಳಿ, ಬೆಳ್ಳಿಯೂ ಬರುತ್ತವೆ. ಆಮೇಲೆ ಸೋಸಬೇಕು.

ಸದಸ್ಯರ ಹೆಸರಿಟ್ಟು ಹುಡುಕುವುದಂತೂ ಬೇಡವೇ ಬೇಡ. ಕೋಲಾರದಲ್ಲಿ ‘ಮುನಿ’ ಅಂತ ಒತ್ತಿದರೆ ಪರದೆ ತುಂಬಿ ಹರಿಯುತ್ತದೆ. ಊರು ಕೊಟ್ಟು ಸೋಸಬೇಕು, ಅಪ್ಪನ ಹೆಸರು ಕೊಟ್ಟು ಸೋಸಬೇಕು, ಅಪ್ಪನೂ ಮುನಿಯೇ ಆಗಿದ್ದರೆ ಫೋನ್ ನಂಬರ್ ಕೊಡಬೇಕು. ಪ್ರತಿ ಕಾಲಮಿನ ತಲೆಯ ಮೇಲೆ ಲಾಳಿಕೆಯಂಥ ಸಣ್ಣ ಗುರುತಿದೆ. ಅದೇ ಫಿಲ್ಟರ್. ಒತ್ತಿ, ಬೇಕಾದ್ದಕ್ಕೆ ಮಾತ್ರ ಟಿಕ್ ಹಾಕಿದರೆ ಮಿಕ್ಕಿದ್ದೆಲ್ಲ ಮರೆಯಾಗುತ್ತದೆ. ಹೋಗುವುದಿಲ್ಲ, ಮರೆಯಾಗುತ್ತದೆ ಅಷ್ಟೇ. ಮನೆಯಲ್ಲೂ ಇಂಥದ್ದೊಂದು ಲಾಳಿಕೆ ಇದ್ದಿದ್ದರೆ ಎಷ್ಟೋ ಜನಕ್ಕೆ ಟಿಕ್ ತೆಗೆಯುತ್ತಿದ್ದೆ.

ಆ ವರ್ಷ ನವೆಂಬರ್ ಹತ್ತಿರವಾದಾಗ ನಮ್ಮ ಗ್ರಂಥಪಾಲಕರು, ನಾವೆಲ್ಲ ಸಾರ್ ಅನ್ನುವವರು, ಹೊಸದೊಂದು ಯೋಚನೆ ತಂದರು. ಅತಿ ಹೆಚ್ಚು ಪುಸ್ತಕ ಓದಿದವರಿಗೆ ರಾಜ್ಯೋತ್ಸವದ ದಿನ ಶಾಲು ಹೊದಿಸೋಣ ಅಂದರು.

‘ಪಟ್ಟಿ ತೆಗೀರಿ ಮೇಡಂ. ನೋಡೋದೇನಿದೆ, ನೀವೇ ಇರ್ತೀರಿ.’

ಸಿಬ್ಬಂದಿಗೂ ನಮ್ಮಲ್ಲಿ ಸದಸ್ಯತ್ವ ಇದೆ, ನನಗೂ ಒಂದು ಕಾರ್ಡಿದೆ. ‘ಅಯ್ಯೋ ಬಿಡಿ ಸಾರ್, ನಾನ್ಯಾವ ಲೆಕ್ಕ’ ಅಂದೆ. ಅನ್ನುತ್ತಾ ಅನ್ನುತ್ತಾ ಯಾವ ಸೀರೆ ಉಡುವುದು ಅಂತ ಮನಸ್ಸಿನಲ್ಲೇ ಆರಿಸಿಯೂ ಆಗಿತ್ತು. ಓದು ಒಂದೇ ನನ್ನ ಸ್ವಂತದ್ದು. ಅಡುಗೆಯಲ್ಲಿ ನಮ್ಮತ್ತೆ ಮುಂದೆ, ರೂಪಿನಲ್ಲಿ ಅಕ್ಕ ಮುಂದೆ, ಮಾತಿನಲ್ಲಿ ಗಂಡ ಮುಂದೆ. ಪುಸ್ತಕದಲ್ಲಿ ನನ್ನ ಮುಂದೆ ಯಾರೂ ಇಲ್ಲ ಅಂತ ನಂಬಿಕೊಂಡು ಇಷ್ಟು ವರ್ಷ ಬಸ್ಸಿನಲ್ಲಿ ಕೂತು ಓದಿದ್ದೆ.

ಸದಸ್ಯತ್ವದ ಸಂಖ್ಯೆಯ ಪ್ರಕಾರ ಗುಂಪು ಮಾಡಿ, ಒಯ್ದ ಪುಸ್ತಕಗಳ ಲೆಕ್ಕವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿದೆ. ನಾನು ಎರಡನೆಯವಳು.

ತಪ್ಪಾಗಿರಬೇಕು ಅಂತ ಎಲ್ಲಾ ಫಿಲ್ಟರ್ ತೆಗೆದು ಮತ್ತೆ ಹಾಕಿದೆ. ಮತ್ತೂ ಎರಡನೆಯವಳೇ. ಮೇಲೆ ಕೂತಿದ್ದ ಸಂಖ್ಯೆಯನ್ನು ಒತ್ತಿದೆ. ಹೆಂಗಸು. ಊರು ಸುಗಟೂರು. ಉದ್ಯೋಗ, ಕೋಲಾರದ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬರುವುದು ಬರೀ ಭಾನುವಾರ. ಭಾನುವಾರ ನನಗೆ ರಜೆ, ಹಾಗಾಗಿ ಇವಳ ಮುಖ ನಾನು ಕಂಡೇ ಇರಲಿಲ್ಲ. ಒಂದಿಷ್ಟು ಮುಂದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ನಾನು ಓಡಿದರೂ ಹಿಡಿಯಲಾಗದಷ್ಟು ಮುಂದಿದ್ದಳು.

ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಹೊಟ್ಟೆಕಿಚ್ಚಿನವರು ಬಿಡುವುದಿಲ್ಲ. ಅವಳ ಸಂಖ್ಯೆ, ನನ್ನ ಸಂಖ್ಯೆ ಎರಡಕ್ಕೆ ಮಾತ್ರ ಟಿಕ್ ಹಾಕಿ, ಪುಸ್ತಕದ ಹೆಸರಿನ ಪ್ರಕಾರ ಜೋಡಿಸಿದೆ. ಒಂದೊಂದು ಪುಸ್ತಕದ ಮುಂದೆಯೂ ಎರಡೆರಡು ಸಾಲು, ಮೇಲೆ ಅವಳ ದಿನಾಂಕ, ಕೆಳಗೆ ನನ್ನದು. ಕಟ್ಟು ಬಿಚ್ಚಿದವಳು ನಾನಾದರೂ ಮನೆಗೆ ಒಯ್ಯುವ ಹೊತ್ತಿಗೆ ಅವಳು ಒಯ್ದು ತಂದಿರುತ್ತಿದ್ದಳು. ನಾನು ಅತ್ತ ಪುಸ್ತಕದಲ್ಲಿ ಅವಳು ಆಗಲೇ ಅತ್ತಾಗಿತ್ತು. ಇಷ್ಟು ವಯಸ್ಸಾದ ಮೇಲೂ ನಾನು ಅಕ್ಕನ ಪುಸ್ತಕ ಓದುತ್ತಿದ್ದೇನೆ ಅನ್ನಿಸಿ ಕಿವಿಯೆಲ್ಲ ಬಿಸಿಯಾಯಿತು.

ಅದರಲ್ಲಿ ಒಂದು ಪುಸ್ತಕವಿತ್ತು. ಬಸ್ ನಿಲ್ದಾಣದಲ್ಲಿ ಹೂ ಕಟ್ಟಿ ಮಾರುವ ಅಕ್ಕತಂಗಿಯರ ಕಾದಂಬರಿ. ಅಕ್ಕ ಕೊನೆಯಲ್ಲಿ ಒಂದು ಬೆಳಿಗ್ಗೆ ಖಾಲಿ ಬುಟ್ಟಿ ಹಿಡಿದುಕೊಂಡು ಹೊರಟುಹೋಗುತ್ತಾಳೆ. ಎಲ್ಲಿಗೆ ಅಂತ ಬರೆದವರು ಹೇಳುವುದಿಲ್ಲ. ಅವಳು ಎಲ್ಲಿಗೆ ಹೋದಳು ಅಂತ ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ. ಕೊನೆಗೆ ನನಗೆ ನಾನೇ ಒಂದು ಉತ್ತರ ಕಂಡುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಗಂಡ ಪುಸ್ತಕದ ಬಗ್ಗೆ ಕೇಳುವುದು ‘ಇನ್ನೂ ಮುಗೀಲಿಲ್ವಾ?’ ಅಂತ ಮಾತ್ರ. ಅಕ್ಕನಿಗೆ ಒಮ್ಮೆ ಫೋನಿನಲ್ಲಿ ಕಥೆ ಶುರುಮಾಡಿದೆ, ‘ಟೀವೀಲಿ ಬಂದ್ರೆ ಹೇಳೇ, ನೋಡ್ತೀನಿ’ ಅಂದಳು. ಆ ಪುಸ್ತಕವನ್ನು ಸುಗಟೂರಿನವಳು ಎರಡು ಸಲ ಒಯ್ದಿದ್ದಳು.

ಸಾರ್‌ಗೆ ‘ಪಟ್ಟಿ ಇನ್ನೂ ಆಗಿಲ್ಲ, ಎಂಟ್ರಿ ತಪ್ಪುಗಳಿವೆ’ ಅಂದೆ. ದಿನ ಇನ್ನೂ ಇತ್ತು. ಓಟ ಶುರುಮಾಡಿದೆ. ಹೊಸ ಕಟ್ಟು ಬಂದರೆ ಕಪಾಟಿಗೆ ಇಡುವ ಮೊದಲೇ ನನ್ನ ಕಾರ್ಡಿಗೆ ಏರಿಸಿಕೊಂಡು ಮನೆಗೆ ಒಯ್ದೆ. ಅದೂ ಸಾಲದೆಂದು ತೆಳ್ಳಗಿನ ಪುಸ್ತಕಗಳಿಗೆ ಕೈಹಾಕಿದೆ. ಮಕ್ಕಳ ಪದ್ಯ, ಮನೆಮದ್ದು, ಜೇನು ಸಾಕಣೆ, ಹಲ್ಲಿನ ರಕ್ಷಣೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸೊಬ್ಬಳು ‘ಜೇನು ಸಾಕ್ತೀರಾ ಮೇಡಂ? ಲಾಭ ಇದ್ಯಾ?’ ಅಂತ ಕೇಳಿದಳು. ಲಾಭ ಇದೆ ಅಂದೆ. ಅತ್ತ ಅವಳು ಕೈಗೆ ಭಾರವಾಗುವಂಥ ಕಾದಂಬರಿಗಳನ್ನೇ ಭಾನುವಾರ ಒಯ್ದು ಭಾನುವಾರ ತರುತ್ತಿದ್ದಳು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ನಾನು ಕುಣಿಯಬಲ್ಲೆ, ಆದರೂ ನೆಲ ಅವಳ ಕಡೆಗೇ ವಾಲಿತ್ತು.

ಅವಳು ವಾಪಸು ಕೊಟ್ಟ ಪುಸ್ತಕಗಳನ್ನು ಕೌಂಟರಿನಿಂದ ತರಿಸಿ ನೋಡತೊಡಗಿದೆ. ವಿಚಿತ್ರ ಕಂಡಿತು. ಪುಟಗಳ ಮೂಲೆ ಮಡಚಿದ್ದಳು, ಅದೂ ಪದೇಪದೇ. ಒಂದು ಕಡೆ ಮಡಚಿ, ನಾಲ್ಕು ಪುಟ ಬಿಟ್ಟು ಮತ್ತೆ ಮಡಚಿದ್ದಾಳೆ. ಇಷ್ಟು ನಿಂತು ನಿಂತು ಓದುವವಳು ಅಷ್ಟು ದೊಡ್ಡ ಪುಸ್ತಕವನ್ನು ವಾರದಲ್ಲಿ ಹೇಗೆ ಮುಗಿಸುತ್ತಾಳೆ? ಜೊತೆಗೆ ಪುಟದ ಸಂದಿಯಲ್ಲಿ ಬೆಳ್ಳಗಿನ ನವಿರಾದ ಎಳೆಗಳು ಅಂಟಿಕೊಂಡಿದ್ದವು. ಜೇಡರ ಬಲೆ ಅಂದುಕೊಂಡು ‘ಮನೆ ಗುಡಿಸದ ಹೆಂಗಸು’ ಅಂತ ಖುಷಿಪಟ್ಟೆ. ಅದೊಂದು ವಿಷಯದಲ್ಲಾದರೂ ನಾನು ಮುಂದೆ.

ತಡೆಯಲಾಗದೆ ಒಂದು ದಿನ ದಾಖಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಲೈಬ್ರರಿಯಿಂದ ಅಂದೆ.

‘ಹೇಳಿ ಮೇಡಂ. ಪುಸ್ತಕ ಲೇಟಾಯ್ತಾ?’ ದನಿ ಎಳೆಯದು, ಮೂವತ್ತರ ಆಚೀಚೆ ಇರಬಹುದು.

‘ಇಲ್ಲ, ಓದುಗರ ಅಭಿಪ್ರಾಯ ಕೇಳ್ತಿದೀವಿ’ ಅಂದು ಹೂ ಕಟ್ಟುವ ಅಕ್ಕತಂಗಿಯರ ಕಾದಂಬರಿಯ ಹೆಸರು ಹೇಳಿದೆ.

‘ಅಯ್ಯೋ, ಅದಾ! ನಾವು ಅದನ್ನ ಎರಡು ಸಲ ಓದಿದ್ವಿ ಮೇಡಂ.’

ಒಬ್ಬಳೇ ಇದ್ದುಕೊಂಡು ‘ನಾವು’ ಅಂತೆ. ಅರಮನೆಯಿಂದ ಇಳಿದು ಬಂದವಳ ಹಾಗೆ. ನನಗೆ ಮೈ ಉರಿಯಿತು.

‘ಕೊನೇಲಿ ಜಗಳಾನೇ ಆಗೋಯ್ತು. ಎರಡು ದಿನ ಮಾತು ಬಿಟ್ಟಿದ್ವಿ.’

‘ಯಾರ ಜೊತೆ?’

‘ನಮ್ನಮ್ಮಲ್ಲೇ ಮೇಡಂ. ಹುಳಕ್ಕೆ ಸೊಪ್ಪು ಹೆಚ್ತಾ, ಗೂಡು ಬಿಡಿಸ್ತಾ ಓದ್ತೀವಲ್ಲ, ಒಬ್ರು ಓದೋದು, ಮಿಕ್ಕಿದೋರು ಕೇಳೋದು.’

ರೇಷ್ಮೆ ಗೂಡು! ಪುಟದ ಸಂದಿಯ ಬೆಳ್ಳನೆ ಎಳೆ ಜೇಡರ ಬಲೆಯಲ್ಲ, ಗೂಡಿನ ಮೇಲಿನ ನವಿರು. ಒಬ್ಬರ ಕಾರ್ಡಿನಲ್ಲಿ ಒಂದು ಕೇರಿಯೇ ಓದುತ್ತಿದೆ. ನಮ್ಮ ಕಾರ್ಡಿನ ಹಿಂದೆ ಅಚ್ಚು ಹಾಕಿಸಿದ್ದಾರೆ, ‘ಈ ಕಾರ್ಡನ್ನು ಬೇರೆಯವರಿಗೆ ಕೊಡುವಂತಿಲ್ಲ, ಕೊಟ್ಟಲ್ಲಿ ರದ್ದಾಗುತ್ತದೆ’ ಅಂತ. ಆ ಸಾಲನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಓದಿರಲಿಲ್ಲ. ಕಾರ್ಡು ರದ್ದಾದರೆ ಪಟ್ಟಿಯ ಮೊದಲ ಸಾಲು ಮಾಯ. ಎರಡನೆಯದು ಮೊದಲನೆಯದಾಗುತ್ತದೆ.

‘ಈ ಭಾನುವಾರ ಬರ್ತೀರಲ್ಲ?’ ಅಂದೆ.

‘ಇಲ್ಲ ಮೇಡಂ, ಹುಳ ಗೂಡು ಕಟ್ಟಿದಾವೆ, ಬಿಡಿಸ್ಬೇಕು.’

‘ಹಾಗಾದ್ರೆ ನಾನೇ ಬರ್ತೀನಿ. ವಿಳಾಸ ನೋಡ್ಬೇಕು.’

‘ಬನ್ನಿ ಬನ್ನಿ’ ಅಂದಳು, ನೆಂಟರನ್ನು ಕರೆಯುವ ಹಾಗೆ. ಪಾಪದವಳು.

ಭಾನುವಾರ ಕೋಲಾರದಲ್ಲಿ ಇಳಿದು ಸುಗಟೂರಿನ ಬಸ್ಸು ಹತ್ತಿದೆ. ಅವರ ಮನೆ ಹಾಲಿನ ಡೇರಿ ದಾಟಿದ ಮೇಲೆ ಬಲಕ್ಕೆ. ಹೊರಗೆ ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳು, ಅಂದರೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳು, ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಒಳಗೆ ಪಡಸಾಲೆಯಲ್ಲಿ ಆರು ಜನ ಹೆಂಗಸರು ಚಂದ್ರಿಕೆಗಳ ಸುತ್ತ ಕೂತಿದ್ದರು. ಐದು ಜನ ಗೂಡು ಬಿಡಿಸುತ್ತಿದ್ದರು, ಒಬ್ಬಳು ಗೋಡೆಗೆ ಒರಗಿ ಪುಸ್ತಕ ಹಿಡಿದಿದ್ದಳು. ಓದುತ್ತಿದ್ದವಳು ಈ ಮನೆಯ ಕಿರಿಸೊಸೆ. ಕಾರ್ಡಿನವಳು ಹಿರಿಸೊಸೆ, ಎದ್ದು ಬಂದು ನನ್ನ ಕೈಹಿಡಿದಳು. ಚೆಂದದ ಫ್ರೇಮಿನ ಕನ್ನಡಕ ಹಾಕಿದ್ದಳು. ಅಂಗಡಿಯಲ್ಲೇ ಇರುವವಳು, ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿಕೊಂಡಿರಬೇಕು ಅಂತ ಅದಕ್ಕೂ ಒಂದಿಷ್ಟು ಉರಿದುಕೊಂಡೆ. ಮಧ್ಯದಲ್ಲಿ ಕಾಲುಚಾಚಿ ಕೂತಿದ್ದವರು ಅವಳ ಅತ್ತೆ. ಓದು ಬರಹ ಬರುವುದಿಲ್ಲ, ಮಾತೆಲ್ಲ ತೆಲುಗು. ಮಿಕ್ಕ ಮೂವರು ಅಕ್ಕಪಕ್ಕದವರು.

‘ಇದೊಂದು ಪುಟ ಮೇಡಂ, ಆಮೇಲೆ ಕಾಫಿ’ ಅಂದಳು ಕಾರ್ಡಿನವಳು. ನನ್ನ ಮುಂದೆಯೂ ಒಂದು ಚಂದ್ರಿಕೆ ಸರಿಸಿದರು. ಸುಮ್ಮನೆ ಕೂರುವುದು ಹೇಗೆ ಅಂತ ನಾನೂ ಬಿಡಿಸತೊಡಗಿದೆ.

ನಾನು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಓದುವ ಪುಸ್ತಕ ಅಲ್ಲಿ ಆರು ಬಾಯಲ್ಲಿ ಓಡಾಡುತ್ತಿತ್ತು. ‘ಅವನು ಬರಲ್ಲ ಕಣೇ, ನಾನು ಆಗ್ಲೇ ಹೇಳ್ದೆ’ ಅಂತ ಒಬ್ಬಳು. ‘ಲೇ, ಸುಮ್ನೆ ಕೇಳು’ ಅಂತ ಇನ್ನೊಬ್ಬಳು. ಕನ್ನಡದ ಸಾಲು ಕಷ್ಟದ್ದಾಗಿದ್ದರೆ ಕಿರಿಸೊಸೆ ನಿಲ್ಲಿಸಿ ಅತ್ತೆಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಅತ್ತೆ ಗೂಡು ಬಿಡಿಸುವುದನ್ನು ನಿಲ್ಲಿಸದೆ ಹೂಂ ಅನ್ನುತ್ತಿದ್ದರು. ಓದುವವಳಿಗೆ ಗಂಟಲು ಒಣಗಿದರೆ ಪುಟದ ಮೂಲೆ ಮಡಚಿ ಪಕ್ಕದವಳಿಗೆ ಕೊಡುವುದು, ಪುಸ್ತಕ ಬಿಟ್ಟವಳು ಗೂಡಿಗೆ ಕೂರುವುದು. ಆ ಮಡಿಕೆಗಳ ಗುಟ್ಟು ಇಷ್ಟೇ.

ಅವರು ನನಗಿಂತ ಹೆಚ್ಚು ಓದಿದ್ದಾರೆ ಅಂತ ಇಷ್ಟು ದಿನ ಉರಿದುಕೊಂಡಿದ್ದೆನಲ್ಲ, ಅದು ಏನೇನೂ ಅಲ್ಲ ಅನ್ನಿಸಿತು. ಜಗಳಾಡುವುದಕ್ಕೆ ಜನ ಇದ್ದಾರೆ ಇವರಿಗೆ. ಪುಸ್ತಕದೊಳಗಿನ ಹೆಣ್ಣೊಬ್ಬಳಿಗಾಗಿ ಎರಡು ದಿನ ಮಾತು ಬಿಡುವಷ್ಟು ಜನ. ಗೊತ್ತಾಗದೆ ಕೈಯಲ್ಲಿದ್ದ ಗೂಡನ್ನು ಅದುಮಿಬಿಟ್ಟೆ. ‘ಪರವಾಗಿಲ್ಲ ಬಿಡಿ ಮೇಡಂ, ಹೊಸಬ್ರಲ್ವಾ’ ಅಂತ ಪಕ್ಕದವಳು ಅದನ್ನು ಎತ್ತಿ ಬೇರೆ ಹಾಕಿದಳು.

ಕಾಫಿ ಕುಡಿದ ಮೇಲೆ ಕಾರ್ಡು ಕೊಡಿ ಅಂದೆ. ಅವಳು ದೇವರ ಮನೆಯ ಗೂಡಿನಿಂದ ತಂದುಕೊಟ್ಟಳು. ಹಿಂದೆ ತಿರುಗಿಸಿ, ‘ಇಲ್ಲೇನು ಬರೆದಿದೆ ನೋಡಿದೀರಾ? ಒಬ್ಬರ ಕಾರ್ಡು ಒಬ್ಬರಿಗೆ ಮಾತ್ರ’ ಅಂದೆ. ಬಸ್ಸಿನಲ್ಲಿ ಬರುವಾಗಲೇ ಈ ದನಿಯನ್ನು ತಯಾರು ಮಾಡಿಕೊಂಡಿದ್ದೆ. ಎಲ್ಲರ ಕೈಗಳೂ ನಿಂತವು. ಕಿರಿಸೊಸೆ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು.

ಏನಂತೆ ಅಂತ ಅತ್ತೆ ಕೇಳಿದರು. ಸೊಸೆ ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ಹೇಳಿದಳು. ಆಕೆ ನನ್ನ ಕಡೆಗೇ ತಿರುಗಿ ಹೇಳಿದರು.

‘ಅದಿ ಉಂಡನೀಲೇ. ಮನ ಅಕ್ಕ ಯಾಡಿಕಿ ಪೋಯಿಂದೋ, ನುವ್ವು ಚೆಪ್ಪಮ್ಮಾ.’

ಅದಿರಲಿ ಬಿಡು, ನಮ್ಮ ಅಕ್ಕ ಎಲ್ಲಿಗೆ ಹೋದಳೋ ನೀನು ಹೇಳಮ್ಮ ಅಂತ. ಹೂ ಕಟ್ಟುವ ಅಕ್ಕ. ಎರಡು ದಿನ ಮಾತು ಬಿಡಿಸಿದ ಅಕ್ಕ. ಆರೂ ಜನ ನನ್ನ ಬಾಯಿ ನೋಡುತ್ತಿದ್ದರು. ಕಾರ್ಡಿನ ಮಾತು ಅಲ್ಲೇ ಬಿದ್ದುಹೋಯಿತು. ಆ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಲಿ ಅಂತ ಎಷ್ಟು ವರ್ಷ ಕಾದಿದ್ದೆನೋ, ಕೇಳಿದವರು ಇವರು! ಹೇಳಬಾರದು ಅಂದುಕೊಂಡೆ. ನನ್ನದು ಅಂತ ಇರುವುದು ಅದೊಂದೇ. ಆದರೆ ಹೇಳದೆ ಇದ್ದರೆ ಅದು ನನ್ನ ಹತ್ತಿರ ಇದೆ ಅಂತ ಇವರಿಗೆ ತಿಳಿಯುವುದಾದರೂ ಹೇಗೆ?

ಹೇಳಿದೆ. ‘ಅವಳು ದೂರ ಹೋಗಿಲ್ಲ. ಮುಂದಿನ ಊರಿನ ಬಸ್ ನಿಲ್ದಾಣದಲ್ಲೇ ಹೂ ಕಟ್ತಾ ಕೂತಿದ್ದಾಳೆ. ತಂಗಿ ಹಾಕೋ ಗಂಟೇ ಬೇರೆ ಥರ ಅಂತ ಮಧ್ಯದಲ್ಲಿ ಒಂದು ಕಡೆ ಬರುತ್ತಲ್ಲ. ಈ ಊರಿಂದ ಹೋಗೋ ಬಸ್ಸಿನ ಮುಂದೆ ತಂಗಿ ಕಟ್ಟಿದ ಹಾರ ಇರುತ್ತೆ. ಅಕ್ಕ ದಿನಾ ಆ ಗಂಟು ನೋಡಿ, ತಂಗಿ ಚೆನ್ನಾಗಿದ್ದಾಳೆ ಅಂತ ತಿಳ್ಕೊಳ್ತಾಳೆ.’

ಆರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಗೆದ್ದೆ ಅಂದುಕೊಂಡೆ. ಆಮೇಲೆ ಎಲ್ಲರೂ ಒಟ್ಟಿಗೆ ಹೋ ಅಂತ ನಕ್ಕರು.

‘ಅತ್ತೇ, ನಿಮ್ ಪಾರ್ಟಿಗೆ ಒಬ್ರು ಸಿಕ್ಕಿದ್ರು!’ ಅಂದಳು ಕಿರಿಸೊಸೆ. ಕಾರ್ಡಿನವಳು ನನ್ನ ಕಡೆ ತಿರುಗಿದಳು. ‘ನಾವೆಲ್ಲ ಅಕ್ಕ ಬಾವಿಗೆ ಬಿದ್ಲು ಅಂತೀವಿ ಮೇಡಂ. ನಮ್ಮತ್ತೆ ಒಬ್ರೇ, ಮುಂದಿನ ಸ್ಟಾಪಲ್ಲೇ ಅವ್ಳೆ, ಹಾರದ ಗಂಟು ನೋಡ್ಕೊಂಡವ್ಳೆ ಅಂತ ಅವತ್ತಿಂದ ಹಟ ಹಿಡಿದವ್ರೆ. ನೀವೂ ಅದನ್ನೇ ಹೇಳಿದ್ರಿ ನೋಡಿ!’

ಅತ್ತೆ ಬೊಚ್ಚುಬಾಯಿ ತೆರೆದು ನಗುತ್ತಾ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ನಾನೂ ನಕ್ಕಂತೆ ಮಾಡಿದೆ. ಒಳಗೆ ಏನಾಗುತ್ತಿತ್ತು ಅಂತ ಹೇಳಿದರೆ ನಂಬುವುದಿಲ್ಲ. ಅದನ್ನೂ ನನಗಿಂತ ಮುಂಚೆ ಒಬ್ಬರು ಒಯ್ದು ತಂದಿದ್ದಾರೆ! ಪುಸ್ತಕದಲ್ಲಿ ಬರೆಯದೆ ಇದ್ದದ್ದನ್ನೂ! ಅಕ್ಷರ ಬಾರದ ಹೆಂಗಸು! ಕಾರ್ಡು ಅವರಿಗೇ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ. ಬರುವಾಗ ಮಡಿಲಿಗೆ ಒಂದಿಷ್ಟು ಬೀನ್ಸು ಹಾಕಿದರು. ಅದನ್ನೂ ಬೇಡ ಅನ್ನಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ಕಿವಿಗೆ ಮತ್ತೆ ಬಂತು. ‘ಮನ ಅಕ್ಕ.’ ಆಕೆ ‘ಮಾ ಅಕ್ಕ’ ಅನ್ನಬಹುದಾಗಿತ್ತು, ಆಗ ಅದು ಅವರ ಅಕ್ಕ ಮಾತ್ರ ಆಗುತ್ತಿತ್ತು. ತೆಲುಗಿನವರಿಗೆ ಅದು ಬಾಯಿ ತಪ್ಪಿ ಬರುವ ಮಾತಲ್ಲ. ಕಾರ್ಡು ಕಿತ್ತುಕೊಳ್ಳಲು ಬಂದವಳು ನಾನು ಅಂತ ಗೊತ್ತಿದ್ದೂ ಹಾಗೆ ಅಂದರು. ಅದರಿಂದ ಹೊಟ್ಟೆ ತಣ್ಣಗಾಯಿತು ಅಂತ ತಿಳಿಯಬೇಡಿ. ಮಾಲೂರಿನವರೆಗೂ ಉರಿಯುತ್ತಲೇ ಇತ್ತು.

ಮಾರನೇ ದಿನ ಗ್ರಂಥಾಲಯಕ್ಕೆ ವಾರದ ರಜೆ. ಮಂಗಳವಾರ ಬಾಗಿಲಲ್ಲೇ ಸಾರ್ ಕೇಳಿದರು, ‘ಪಟ್ಟಿ?’

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಮ್ಮಲ್ಲಿ ಇನ್ನೊಂದು ಥರದ ಕಾರ್ಡಿದೆ, ಶಾಲೆಗಳಿಗೆ, ಮಹಿಳಾ ಸಂಘಗಳಿಗೆ ಕೊಡುವ ಗುಂಪಿನ ಕಾರ್ಡು. ಸುಗಟೂರಿನವಳದನ್ನು ಅದಕ್ಕೆ ಬದಲಾಯಿಸಿದರೆ ಅವರ ಓದು ನಿಲ್ಲುವುದಿಲ್ಲ, ನಿಯಮವೂ ಮುರಿಯುವುದಿಲ್ಲ. ಆಮೇಲೆ ಪಟ್ಟಿಗೆ ‘ವ್ಯಕ್ತಿ’ ಅನ್ನುವ ಕಾಲಮಿನ ಫಿಲ್ಟರ್ ಹಾಕಿದರೆ ಗುಂಪಿನವರೆಲ್ಲ ಮರೆಯಾಗುತ್ತಾರೆ. ಮೊದಲ ಸಾಲು ನನ್ನದು. ಸಾರ್‌ಗೆ ವಿಷಯ ಹೇಳಿದೆ. ‘ಒಳ್ಳೇ ಮನಸ್ಸು ಮೇಡಂ ನಿಮ್ಮದು’ ಅಂದರು. ನಾನು ತಲೆ ತಗ್ಗಿಸಿ ಒಪ್ಪಿಕೊಂಡೆ.

ಬದಲಾಯಿಸಲು ಕೂತರೆ ಒಂದು ಖಾನೆ ತುಂಬದೆ ಮುಂದೆ ಹೋಗಲು ಕಂಪ್ಯೂಟರ್ ಬಿಡಲಿಲ್ಲ. ‘ಓದುವವರ ಸಂಖ್ಯೆ.’ ನಾನು ಎಣಿಸಿದ್ದೆ, ಆರು. ಆದರೂ ಅವರ ಬಾಯಿಂದಲೇ ಬರಲಿ, ನಾಳೆ ತಕರಾರು ಬೇಡ ಅಂತ ಫೋನ್ ಮಾಡಿದೆ. ಕಾರ್ಡಿನವಳು ಅವತ್ತು ಕೆಲಸಕ್ಕೆ ರಜೆ ಹಾಕಿದ್ದಳು, ಮಿಕ್ಕ ಗೂಡು ಬಿಡಿಸುವುದಿತ್ತು. ಕಾರ್ಡು ಉಳಿಯುತ್ತದೆ ಅಂದಾಗ ಅವಳು ಕೂಗಿ ಎಲ್ಲರಿಗೂ ಹೇಳಿದಳು, ಆಚೆ ಕಡೆ ಗದ್ದಲವೆದ್ದಿತು.

‘ಎಷ್ಟು ಜನ ಅಂತ ಹಾಕ್ಲಿ?’ ಅಂದೆ.

ಅವಳು ಮಿಕ್ಕವರನ್ನು ಕೇಳುತ್ತಿರುವುದು ಕಿವಿಗೆ ಬಿತ್ತು. ಹಿಂದಿನಿಂದ ಅತ್ತೆಯ ದನಿ, ಜೋರಾಗಿ, ‘ಮನಮು ಏಡ್ಮಂದಿ ಕದಾ!’

‘ಏಳು ಹಾಕಿ ಮೇಡಂ.’

‘ಏಳು ಹೇಗೆ? ನಾನು ಬಂದಾಗ ಆರೇ ಜನ ಇದ್ರಿ.’

‘ಅಯ್ಯೋ, ನಿಮ್ಮನ್ನ ಬಿಟ್ರೆ ಅತ್ತೆ ಪಾರ್ಟಿಲಿ ಇನ್ಯಾರವ್ರೆ ಮೇಡಂ?’

ಪರದೆಯ ಮೇಲೆ ಎರಡು ಸಾಲು ಒಂದರ ಕೆಳಗೊಂದಿದ್ದವು. ನನ್ನ ಕಾರ್ಡಿನ ಮುಂದೆ ಅದೇ ಖಾನೆಯಲ್ಲಿ ಕಂಪ್ಯೂಟರ್ ತಾನಾಗಿಯೇ ತುಂಬಿಕೊಂಡಿತ್ತು, ಒಂದು. ಇಷ್ಟು ವರ್ಷ ಕಣ್ಣಿಗೆ ಬಿದ್ದಿರಲಿಲ್ಲ. ಅವರ ಖಾನೆಯಲ್ಲಿ ಏಳು ಅಂತ ಒತ್ತಿದೆ. ಶಾಲು ಬಿಟ್ಟುಕೊಟ್ಟೆ ಅಂದುಕೊಳ್ಳಬೇಡಿ, ಅದನ್ನು ನವೆಂಬರಿನಲ್ಲಿ ನಾನೇ ಹೊದ್ದೆ, ಆರಿಸಿಟ್ಟಿದ್ದ ಸೀರೆಯನ್ನೇ ಉಟ್ಟು.

ಆದರೆ ಅವತ್ತು ಫೋನ್ ಇಡುವುದಕ್ಕೆ ಮುಂಚೆ ಹೊಸ ಪುಸ್ತಕ ಯಾವಾಗ ಶುರುಮಾಡುತ್ತೀರಿ ಅಂತ ಕೇಳಿದೆ.

‘ಇವತ್ತೇ ಮೇಡಂ, ಕಾಫಿ ಆದ್ಮೇಲೆ.’

‘ಇವತ್ತು ಬೇಡ’ ಅಂದೆ. ‘ಭಾನುವಾರ ನಾನು ಬರ್ತೀನಿ. ಅಲ್ಲಿವರೆಗೂ ಒಬ್ರೂ ಒಂದು ಪುಟಾನೂ ತಿರುವಬಾರ್ದು.’